ಬೇಲಿ ಹೊಲ ಮೇಯ್ದಾಗ ಶಿಕ್ಷೆ ಎಷ್ಟು?

2021ರ ಏಪ್ರಿಲ್ 20, ಮಂಗಳವಾರ. ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದ ನ್ಯಾಯಾಲಯದಲ್ಲಿ ನ್ಯಾಯಾಧೀಶ ಪೀಟರ್ ಕೇಹಿಲ್ ಒಂದೊಂದಾಗಿ ಮೂರು ಆರೋಪಗಳನ್ನು ಓದಿದರು. ಮೂರಕ್ಕೂ ಜ್ಯೂರಿಯ ಉತ್ತರ ಒಂದೇ ಆಗಿತ್ತು: ತಪ್ಪಿತಸ್ಥ. ಹತ್ತೊಂಬತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದಿದ್ದ ಡೆರೆಕ್ ಶೋವಿನ್ ಕೊಲೆಗಾರನೆಂದು ಸಾಬೀತಾಗಿತ್ತು. ಅಲ್ಲಿಯವರೆಗೆ ಜಾಮೀನಿನ ಮೇಲಿದ್ದ ಆತನ ಕೈಗೆ ಅಲ್ಲೇ ಕೋಳ ಬಿತ್ತು. ಹೊರಗೆ ನೆರೆದಿದ್ದವರು ಅತ್ತರು, ಒಬ್ಬರನ್ನೊಬ್ಬರು ತಬ್ಬಿಕೊಂಡರು, ಕುಣಿದರು.

ಆದರೆ ಶಿಕ್ಷೆ ಎಷ್ಟು? ಅದನ್ನು ನ್ಯಾಯಾಧೀಶರು ಅಂದು ಹೇಳಲಿಲ್ಲ. ಎಂಟು ವಾರಗಳ ನಂತರ ಎಂದರು. ಮೊದಲು ಜೂನ್ 16ಕ್ಕೆ ನಿಗದಿಯಾಗಿದ್ದ ದಿನ ಆಮೇಲೆ ಜೂನ್ 25ಕ್ಕೆ ಹೋಯಿತು. ಹೀಗೆ ತೀರ್ಪಿಗೂ ಶಿಕ್ಷೆಗೂ ನಡುವೆ 66 ದಿನಗಳು ಉಳಿದವು. ಒಂದು ಊರು, ಒಂದು ದೇಶ, ದೂರದಲ್ಲಿ ಕುಳಿತು ನೋಡುತ್ತಿದ್ದ ಇನ್ನೆಷ್ಟೋ ಜನ ಆ ದಿನಗಳನ್ನು ಎಣಿಸುತ್ತ ಕಾದರು. ಅಪರಾಧ ಸಾಬೀತಾದ ಮೇಲೂ ಇಷ್ಟೊಂದು ಕಾತರ ಏಕೆ? ಇದಕ್ಕೆ ಉತ್ತರ ಹುಡುಕಹೊರಟರೆ ಆ ಒಂದು ಪ್ರಕರಣದ ಆಚೆಗೂ ಹೋಗಬೇಕಾಗುತ್ತದೆ.

ಒಂಬತ್ತೂವರೆ ನಿಮಿಷ

ನಡೆದ ಘಟನೆ ಎಲ್ಲರಿಗೂ ಗೊತ್ತಿರುವಂಥದೇ. 2020ರ ಮೇ 25ರ ಸಂಜೆ ಮಿನಿಯಾಪೊಲಿಸ್‌ನ 38ನೇ ಬೀದಿ ಮತ್ತು ಶಿಕಾಗೊ ಅವೆನ್ಯೂ ಕೂಡುವ ಮೂಲೆಯ ಅಂಗಡಿಯೊಂದರಲ್ಲಿ 20 ಡಾಲರಿನ ಖೋಟಾ ನೋಟು ಚಲಾಯಿಸಿದ್ದಾನೆಂಬ ದೂರಿನ ಮೇಲೆ ಪೊಲೀಸರು 46 ವರ್ಷದ ಜಾರ್ಜ್ ಫ್ಲಾಯ್ಡ್‌ನನ್ನು ಹಿಡಿದರು. ಕೈಗೆ ಕೋಳ ತೊಡಿಸಿ ನೆಲಕ್ಕೆ ಕವುಚಿ ಹಾಕಿದ ಆ ಕಪ್ಪು ಮನುಷ್ಯನ ಕುತ್ತಿಗೆಯ ಮೇಲೆ ಬಿಳಿಯ ಅಧಿಕಾರಿ ಶೋವಿನ್ ಮೊಣಕಾಲೂರಿ ಕುಳಿತ. ಉಸಿರಾಡಲಾಗುತ್ತಿಲ್ಲ ಎಂದು ಫ್ಲಾಯ್ಡ್ ಮತ್ತೆ ಮತ್ತೆ ಗೋಗರೆದ. ದಾರಿಹೋಕರು ಬಿಡಿ ಬಿಡಿ ಎಂದು ಕೂಗಿದರು. ಮೊಣಕಾಲು ಕದಲಿದ್ದು 9 ನಿಮಿಷ 29 ಸೆಕೆಂಡುಗಳ ನಂತರ. ಹದಿನೇಳರ ಹುಡುಗಿಯೊಬ್ಬಳು ಅದನ್ನೆಲ್ಲ ತನ್ನ ಫೋನಿನಲ್ಲಿ ಸೆರೆಹಿಡಿದಿದ್ದಳು. ಆ ಚಿತ್ರಣ ಇರದಿದ್ದರೆ ಪೊಲೀಸ್ ಇಲಾಖೆಯ ಮೊದಲ ಹೇಳಿಕೆಯೇ ಉಳಿದುಬಿಡುತ್ತಿತ್ತೇನೋ. ಬಂಧನದ ವೇಳೆ ವ್ಯಕ್ತಿಯೊಬ್ಬ ಅಸ್ವಸ್ಥನಾಗಿ ಮೃತಪಟ್ಟ ಎಂಬಷ್ಟೇ ಅದರ ಸಾರಾಂಶವಾಗಿತ್ತು.

ವಿಚಾರಣೆಯಲ್ಲಿ ನಗರದ ಪೊಲೀಸ್ ಮುಖ್ಯಸ್ಥರೇ ತಮ್ಮ ಮಾಜಿ ಅಧಿಕಾರಿಯ ವಿರುದ್ಧ ಸಾಕ್ಷಿ ನುಡಿದರು. ಅಮೆರಿಕದಲ್ಲಿ ಇದು ತೀರ ಅಪರೂಪ. ಅಲ್ಲಿ ಪೊಲೀಸರ ಗುಂಡಿಗೆ ವರ್ಷಕ್ಕೆ ಸುಮಾರು 1000 ಮಂದಿ ಸಾಯುತ್ತಾರೆ. 2005ರಿಂದ ಶೋವಿನ್ ವಿಚಾರಣೆಯವರೆಗೆ ಇಂಥ ಗುಂಡಿನ ಪ್ರಕರಣಗಳಲ್ಲಿ ಕೊಲೆ ಅಥವಾ ನರಹತ್ಯೆಯ ಆರೋಪ ಹೊತ್ತ ಪೊಲೀಸರು ಸುಮಾರು 140 ಮಂದಿ. ಕೊಲೆ ಸಾಬೀತಾದದ್ದು ಏಳು ಮಂದಿಯ ಮೇಲೆ ಮಾತ್ರ ಎಂಬುದು ಅಪರಾಧಶಾಸ್ತ್ರಜ್ಞ ಫಿಲಿಪ್ ಸ್ಟಿನ್ಸನ್ ಅವರ ಲೆಕ್ಕ. ಪೊಲೀಸನೊಬ್ಬ ಕೊಲೆಗಾರನೆಂದು ತೀರ್ಪಾಗುವುದೇ ಇಷ್ಟು ವಿರಳವಾದಾಗ, ಹಾಗೆ ತೀರ್ಪಾದವನಿಗೆ ಏನು ಶಿಕ್ಷೆ ಎಂಬುದಕ್ಕೆ ರೂಢಿಯ ಅಳತೆಗೋಲೇ ಇರುವುದಿಲ್ಲ.

ತೀರ್ಪೇ ಶಿಕ್ಷೆಯಾಗಿದ್ದ ಕಾಲ

ಹಿಂದೆ ಈ ಕಾಯುವಿಕೆ ಇರಲಿಲ್ಲ. ನ್ಯೂಯಾರ್ಕ್ ಪೊಲೀಸ್ ಲೆಫ್ಟಿನೆಂಟ್ ಚಾರ್ಲ್ಸ್ ಬೆಕರ್‌ನ ಕಥೆಯನ್ನೇ ನೋಡಿ. ಜೂಜಿನ ಅಡ್ಡೆಗಳ ಮೇಲೆ ದಾಳಿ ಮಾಡಬೇಕಾದ ಈತ ಅವುಗಳಿಂದ ಮಾಮೂಲು ವಸೂಲು ಮಾಡುತ್ತಿದ್ದ ಎಂಬ ಆರೋಪವಿತ್ತು. ಅದನ್ನು ಬಯಲಿಗೆಳೆದ ಹರ್ಮನ್ ರೋಸೆಂತಾಲ್ ಎಂಬ ಜೂಜುಕಟ್ಟೆಯ ಮಾಲೀಕ 1912ರ ಜುಲೈನಲ್ಲಿ ನಡುಬೀದಿಯಲ್ಲಿ ಗುಂಡಿಗೆ ಬಲಿಯಾದ. ಕೊಲ್ಲಿಸಿದವನು ಬೆಕರ್ ಎಂದು ಜ್ಯೂರಿ ತೀರ್ಮಾನಿಸಿತು. ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 1914ರಲ್ಲಿ ಎರಡನೇ ವಿಚಾರಣೆ ನಡೆದು ಮತ್ತೆ ಅದೇ ತೀರ್ಪು ಬಂತು. 1915ರ ಜುಲೈ 30ರಂದು ಸಿಂಗ್ ಸಿಂಗ್ ಸೆರೆಮನೆಯ ವಿದ್ಯುತ್ ಕುರ್ಚಿಯಲ್ಲಿ ಆತನ ಪ್ರಾಣ ಹೋಯಿತು. ಕ್ಷಮಾದಾನ ಕೇಳಿಕೊಳ್ಳಬೇಕಾಗಿದ್ದದ್ದು ರಾಜ್ಯದ ಗವರ್ನರ್ ಚಾರ್ಲ್ಸ್ ವಿಟ್‌ಮನ್ ಅವರನ್ನು. ಹಿಂದೆ ಬೆಕರ್ ವಿರುದ್ಧ ವಾದಿಸಿದ್ದ ಸರಕಾರಿ ವಕೀಲರೂ ಅವರೇ.

ಆ ಕಾಲದ ನ್ಯೂಯಾರ್ಕಿನಲ್ಲಿ ಮೊದಲ ದರ್ಜೆಯ ಕೊಲೆಗೆ ಮರಣದಂಡನೆಯ ಹೊರತು ಬೇರೆ ಶಿಕ್ಷೆಯೇ ಇರಲಿಲ್ಲ. ಜ್ಯೂರಿ ತಪ್ಪಿತಸ್ಥ ಎಂದ ಗಳಿಗೆಯಲ್ಲೇ ಶಿಕ್ಷೆಯೂ ನಿಶ್ಚಯವಾಗುತ್ತಿತ್ತು. ಎಷ್ಟು ಎಂದು ಕೇಳಲು ಜಾಗವೇ ಇರಲಿಲ್ಲ.

ಮುಂದೆ ಕಾನೂನು ಬೇರೆ ದಾರಿ ಹಿಡಿಯಿತು. ಅಪರಾಧ ಒಂದೇ ಆದರೂ ಅಪರಾಧಿಗಳು ಒಂದೇ ಬಗೆಯವರಲ್ಲ, ಆದ್ದರಿಂದ ಶಿಕ್ಷೆಯನ್ನು ಮನುಷ್ಯನಿಗೆ ತಕ್ಕಂತೆ ಅಳೆಯಬೇಕು ಎಂಬ ವಿಚಾರ ಬಲವಾಯಿತು. ನ್ಯಾಯಾಧೀಶರಿಗೆ ವಿಶಾಲವಾದ ವಿವೇಚನೆ ಸಿಕ್ಕಿತು. ಇದರಿಂದ ಹೊಸದೊಂದು ತೊಡಕು ಹುಟ್ಟಿತು: ಒಂದೇ ಬಗೆಯ ತಪ್ಪಿಗೆ ಒಬ್ಬ ನ್ಯಾಯಾಧೀಶರ ಮುಂದೆ ಎರಡು ವರ್ಷ, ಇನ್ನೊಬ್ಬರ ಮುಂದೆ ಇಪ್ಪತ್ತು ವರ್ಷ. ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶ ಮಾರ್ವಿನ್ ಫ್ರಾಂಕೆಲ್ 1973ರ ತಮ್ಮ ಪುಸ್ತಕದಲ್ಲಿ ಶಿಕ್ಷೆ ವಿಧಿಸುವ ಈ ಪದ್ಧತಿಗೆ ಕಾನೂನಿನ ಕಟ್ಟೇ ಇಲ್ಲ ಎಂದು ತಮ್ಮ ವೃತ್ತಿಯವರನ್ನೇ ಎಚ್ಚರಿಸಿದರು.

ಆ ಎಚ್ಚರಿಕೆಯನ್ನು ಮೊದಲು ಗಂಭೀರವಾಗಿ ತೆಗೆದುಕೊಂಡ ರಾಜ್ಯಗಳಲ್ಲಿ ಮಿನೆಸೋಟ ಒಂದು. ಅಲ್ಲಿನ ಶಾಸನಸಭೆ 1978ರಲ್ಲಿ ಇದಕ್ಕೆಂದೇ ಆಯೋಗವೊಂದನ್ನು ನೇಮಿಸಿತು. 1980ರಿಂದ ಆಯೋಗದ ಮಾರ್ಗಸೂಚಿ ಜಾರಿಗೆ ಬಂತು. ಅದು ನಮ್ಮ ಮಗ್ಗಿಯ ಕೋಷ್ಟಕದಂಥ ಒಂದು ಪಟ್ಟಿ. ಮೇಲಿಂದ ಕೆಳಕ್ಕೆ ಅಪರಾಧದ ತೀವ್ರತೆ, ಎಡದಿಂದ ಬಲಕ್ಕೆ ಅಪರಾಧಿಯ ಹಿಂದಿನ ದಾಖಲೆ. ಎರಡೂ ಸಂಧಿಸುವ ಮನೆಯಲ್ಲಿ ಶಿಕ್ಷೆಯ ತಿಂಗಳುಗಳ ಸಂಖ್ಯೆ ಇರುತ್ತದೆ. ನ್ಯಾಯಾಧೀಶರು ಆ ಸಂಖ್ಯೆಯಿಂದ ದೂರ ಸರಿಯಬೇಕಾದರೆ ಕಾರಣವನ್ನು ಬರೆದು ಕೊಡಬೇಕು.

ಕೋಷ್ಟಕದ ಮನೆ

ಶೋವಿನ್‌ನ ಹೆಸರು ಈ ಕೋಷ್ಟಕದ ಯಾವ ಮನೆಯಲ್ಲಿ ಬೀಳುತ್ತದೆ ಎಂಬುದು ತೀರ್ಪಿನ ದಿನವೇ ಗೊತ್ತಿತ್ತು. ಮೂರು ಆರೋಪಗಳು ಸಾಬೀತಾಗಿದ್ದರೂ ಶಿಕ್ಷೆ ಅತಿ ದೊಡ್ಡದಕ್ಕೆ ಮಾತ್ರ, ಅಂದರೆ ಉದ್ದೇಶವಿಲ್ಲದ ಎರಡನೇ ದರ್ಜೆಯ ಕೊಲೆಗೆ. ಕೊಲ್ಲಬೇಕೆಂಬ ಇಚ್ಛೆ ಇರದಿದ್ದರೂ ಹಲ್ಲೆಯಂಥ ಗಂಭೀರ ಅಪರಾಧ ಎಸಗುತ್ತಿರುವಾಗ ಸಾವು ಸಂಭವಿಸಿದರೆ ಈ ಕಲಂ ಅನ್ವಯಿಸುತ್ತದೆ. ಕಾನೂನಿನ ಗರಿಷ್ಠ ಮಿತಿ 40 ವರ್ಷ. ಆದರೆ ಹಿಂದೆ ಯಾವ ಅಪರಾಧವನ್ನೂ ಮಾಡದವನಿಗೆ ಕೋಷ್ಟಕ ಹೇಳುವುದು 150 ತಿಂಗಳು, ಅಂದರೆ ಹನ್ನೆರಡೂವರೆ ವರ್ಷ. ಮಿನೆಸೋಟದಲ್ಲಿ ಮರಣದಂಡನೆಯನ್ನು 1911ರಲ್ಲೇ ತೆಗೆದುಹಾಕಿದ್ದರಿಂದ ಅದರ ಮಾತು ಇಲ್ಲವೇ ಇಲ್ಲ.

ಹನ್ನೆರಡೂವರೆಯೋ, ಅದಕ್ಕಿಂತ ಹೆಚ್ಚೋ, ಕಡಿಮೆಯೋ? ಆ 66 ದಿನಗಳ ಚರ್ಚೆಯೆಲ್ಲ ಸುತ್ತಿದ್ದು ಇದರ ಸುತ್ತಲೇ. ಸರಕಾರಿ ವಕೀಲರು 30 ವರ್ಷ ಕೇಳಿದರು. ಪ್ರತಿವಾದಿ ವಕೀಲರು ಸೆರೆಮನೆಯೇ ಬೇಡ, ಇಷ್ಟು ದಿನ ಒಳಗಿದ್ದದ್ದು ಸಾಕು, ಇನ್ನು ಸನ್ನಡತೆಯ ಷರತ್ತಿನ ಮೇಲೆ ಬಿಡಿ ಎಂದರು. ದೀರ್ಘ ಸೇವೆ, ಶುದ್ಧ ಹಿನ್ನೆಲೆ, ಸೆರೆಮನೆಯಲ್ಲಿ ಮಾಜಿ ಪೊಲೀಸನಿಗೆ ಇತರ ಕೈದಿಗಳಿಂದ ಎದುರಾಗುವ ಅಪಾಯ, ಇವು ಅವರು ಕೊಟ್ಟ ಕಾರಣಗಳು.

ನಗರಾಡಳಿತ ಅದಾಗಲೇ ಫ್ಲಾಯ್ಡ್ ಕುಟುಂಬಕ್ಕೆ 2.7 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತ್ತು. ಹಣದ ಲೆಕ್ಕ ಮುಗಿದಿತ್ತು. ವರ್ಷಗಳ ಲೆಕ್ಕ ಉಳಿದಿತ್ತು. ಈ ನಡುವೆ ಸಾವಿನ ಮೊದಲ ವರ್ಷಾಚರಣೆ ಬಂದು ಹೋಯಿತು. ಜೂನ್ ಮೊದಲ ವಾರ ನಗರದ ಕೆಲಸಗಾರರು ಬಂದು, ಫ್ಲಾಯ್ಡ್ ಸತ್ತ ಜಾಗದಲ್ಲಿ ಜನ ಸ್ಮಾರಕವೆಂದು ಕಾಯ್ದುಕೊಂಡಿದ್ದ ಬೀದಿಯ ತಡೆಗೋಡೆಗಳನ್ನು ತೆಗೆಯತೊಡಗಿದರೆ, ಅಲ್ಲಿದ್ದವರು ಕೈಗೆ ಸಿಕ್ಕ ಸಾಮಾನುಗಳನ್ನು ಅಡ್ಡವಿಟ್ಟು ದಾರಿಯನ್ನು ಮತ್ತೆ ಮುಚ್ಚಿದರು. ತೀರ್ಪು ಬಂದಿದ್ದರೂ ಅವರ ಪಾಲಿಗೆ ಪ್ರಕರಣ ಮುಗಿದಿರಲಿಲ್ಲ.

ಹಳೆಯ ನೆನಪುಗಳು

ಮುಗಿಯದಿರುವುದಕ್ಕೆ ಕಾರಣವಿತ್ತು. ತೀರ್ಪಿನ ದಿನ ಗೆದ್ದು ಶಿಕ್ಷೆಯ ದಿನ ಸೋತ ಅನುಭವ ಅಮೆರಿಕದ ಕಪ್ಪು ಜನರಿಗೆ ಹೊಸದಲ್ಲ.

1991ರಲ್ಲಿ ಲಾಸ್ ಏಂಜಲೀಸ್‌ನ ಪೊಲೀಸರು ರಾಡ್ನಿ ಕಿಂಗ್ ಎಂಬಾತನನ್ನು ರಸ್ತೆಯಲ್ಲಿ ಕೆಡವಿ ಲಾಠಿಗಳಿಂದ ಬಡಿದರು. ಆತ ಬದುಕುಳಿದ. ಅದರ ವಿಡಿಯೊವನ್ನೂ ಜಗತ್ತು ನೋಡಿತ್ತು. ಆದರೂ 1992ರ ಏಪ್ರಿಲ್ 29ರಂದು ಪೊಲೀಸರು ಖುಲಾಸೆಯಾದರು; ಊರು ಹತ್ತಿ ಉರಿಯಿತು, 50ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಫೆಡರಲ್ ನ್ಯಾಯಾಲಯದಲ್ಲಿ ಇಬ್ಬರ ಮೇಲೆ ನಾಗರಿಕ ಹಕ್ಕುಗಳ ಉಲ್ಲಂಘನೆ ಸಾಬೀತಾಯಿತು. ಫೆಡರಲ್ ಮಾರ್ಗಸೂಚಿ ಹೇಳಿದ್ದು 70ರಿಂದ 87 ತಿಂಗಳು. 1993ರ ಆಗಸ್ಟ್‌ನಲ್ಲಿ ನ್ಯಾಯಾಧೀಶರು ಕೊಟ್ಟದ್ದು 30 ತಿಂಗಳು. ಕೆಲಸ ಹೋಗಿದೆ, ಸೆರೆಮನೆಯಲ್ಲಿ ಪೊಲೀಸರಿಗೆ ಕಿರುಕುಳದ ಭಯವಿದೆ, ಮತ್ತೆ ಇಂಥ ತಪ್ಪು ಮಾಡಲಾರರು ಎಂಬುವು ಅವರು ನೀಡಿದ ಕಾರಣಗಳಲ್ಲಿ ಸೇರಿದ್ದವು. 1996ರಲ್ಲಿ ಸುಪ್ರೀಂ ಕೋರ್ಟ್ ಕೆಲಸ ಕಳೆದುಕೊಂಡದ್ದನ್ನು ರಿಯಾಯಿತಿಗೆ ಕಾರಣವಾಗಿ ಒಪ್ಪಲಿಲ್ಲ. ಸೆರೆಮನೆಯ ಅಪಾಯವನ್ನು ಒಪ್ಪಿತು.

ಶಿಕಾಗೊದಲ್ಲಿ 2014ರಲ್ಲಿ 17 ವರ್ಷದ ಲಕ್ವಾನ್ ಮೆಕ್‌ಡೊನಾಲ್ಡ್‌ನ ಮೈಗೆ ಜೇಸನ್ ವ್ಯಾನ್ ಡೈಕ್ ಎಂಬ ಪೊಲೀಸ್ 16 ಗುಂಡು ಹೊಡೆದ. 2018ರ ಅಕ್ಟೋಬರ್‌ನಲ್ಲಿ ಎರಡನೇ ದರ್ಜೆಯ ಕೊಲೆಯ ಜತೆಗೆ ಗುಂಡಿಗೊಂದರಂತೆ 16 ಘೋರ ಹಲ್ಲೆಯ ಆರೋಪಗಳೂ ಸಾಬೀತಾದವು. ಮೂರು ತಿಂಗಳ ನಂತರ ಬಂದ ಶಿಕ್ಷೆ 6 ವರ್ಷ 9 ತಿಂಗಳು. 2022ರ ಫೆಬ್ರುವರಿಯಲ್ಲಿ, ಅದರ ಅರ್ಧದಷ್ಟು ಕಳೆದು ಆತ ಹೊರಬಂದ. ಡಲ್ಲಾಸ್‌ನಲ್ಲಿ ಅಂಬರ್ ಗೈಗರ್ ಎಂಬ ಪೊಲೀಸ್ ಅಧಿಕಾರಿ ಕೆಲಸ ಮುಗಿಸಿ ಬಂದವಳು ತನ್ನದೆಂದು ಭ್ರಮಿಸಿ ನೆರೆಯವನ ಮನೆಗೆ ನುಗ್ಗಿ, ಅಲ್ಲಿ ತನ್ನ ಪಾಡಿಗೆ ಕುಳಿತಿದ್ದ ಬೋಥಮ್ ಜೀನ್‌ನನ್ನು ಗುಂಡಿಟ್ಟು ಕೊಂದಳು. ಅಲ್ಲಿ 99 ವರ್ಷದವರೆಗೆ ಶಿಕ್ಷೆ ಸಾಧ್ಯವಿತ್ತು. 2019ರ ಅಕ್ಟೋಬರ್‌ನಲ್ಲಿ ಜ್ಯೂರಿ ಕೊಟ್ಟದ್ದು 10 ವರ್ಷ.

ಮಿನಿಯಾಪೊಲಿಸ್‌ನದೇ ಇನ್ನೊಂದು ನೆನಪು ಎಲ್ಲಕ್ಕಿಂತ ಹತ್ತಿರದ್ದು. 2017ರಲ್ಲಿ ಸಹಾಯ ಕೋರಿ ಪೊಲೀಸರಿಗೆ ಫೋನ್ ಮಾಡಿದ್ದ ಆಸ್ಟ್ರೇಲಿಯ ಮೂಲದ ಬಿಳಿಯ ಮಹಿಳೆಯನ್ನು ಮೊಹಮದ್ ನೂರ್ ಎಂಬ ಸೊಮಾಲಿ ಮೂಲದ ಪೊಲೀಸ್ ಕಾರಿನೊಳಗಿಂದಲೇ ಗುಂಡು ಹಾರಿಸಿ ಕೊಂದಿದ್ದ. 2019ರಲ್ಲಿ ಮೂರನೇ ದರ್ಜೆಯ ಕೊಲೆಗೆ ಆತನಿಗೆ ಕೋಷ್ಟಕದ ಪ್ರಕಾರ ಹನ್ನೆರಡೂವರೆ ವರ್ಷವೇ ಸಿಕ್ಕಿತು. ಕಪ್ಪು ಪೊಲೀಸನಿಗೆ ಸಿಗದ ರಿಯಾಯಿತಿ ಬಿಳಿಯ ಪೊಲೀಸನಿಗೆ ಸಿಕ್ಕೀತೇ? ಈ ಪ್ರಶ್ನೆಯೂ ಆ ಕಾತರದೊಳಗೆ ಸೇರಿತ್ತು. ನೂರ್‌ನ ಕೊಲೆಯ ತೀರ್ಪನ್ನು 2021ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ರದ್ದುಪಡಿಸಿ, ನರಹತ್ಯೆಗೆ 4 ವರ್ಷ 9 ತಿಂಗಳ ಶಿಕ್ಷೆ ಉಳಿದದ್ದು ಆಮೇಲಿನ ಮಾತು.

ಸಮವಸ್ತ್ರ ಯಾವ ತಟ್ಟೆಯಲ್ಲಿ?

ಈ ಎಲ್ಲ ಪ್ರಕರಣಗಳ ಒಳಗೆ ಹರಿಯುವ ಪ್ರಶ್ನೆ ಒಂದೇ. ಪೊಲೀಸನ ಸಮವಸ್ತ್ರವನ್ನು ನ್ಯಾಯದ ತಕ್ಕಡಿಯ ಯಾವ ತಟ್ಟೆಯಲ್ಲಿ ಇಡಬೇಕು? ಅಪಾಯದ ಕೆಲಸ, ಕ್ಷಣಾರ್ಧದ ನಿರ್ಧಾರ, ವರ್ಷಗಳ ಸೇವೆ ಎಂದು ಭಾವಿಸಿದರೆ ಅದು ಶಿಕ್ಷೆಯನ್ನು ಹಗುರ ಮಾಡುತ್ತದೆ. ಕಾಯಲೆಂದು ಸಮಾಜ ಕೊಟ್ಟ ಅಧಿಕಾರವನ್ನು ಕೊಲ್ಲಲು ಬಳಸಿದ ಎಂದು ಭಾವಿಸಿದರೆ ಭಾರ ಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ನಮ್ಮ ಗಾದೆ ಎರಡನೆಯ ಪಕ್ಷದ್ದು. ದನ ಹೊಲ ಮೇಯ್ದದ್ದಕ್ಕೂ ಬೇಲಿ ಮೇಯ್ದದ್ದಕ್ಕೂ ವ್ಯತ್ಯಾಸವಿದೆ ಎಂದು ಹಳ್ಳಿಯ ರೈತನಿಗೂ ಗೊತ್ತು.

ಭಾರತದ ನ್ಯಾಯಾಲಯಗಳಿಗೂ ಈ ಪ್ರಶ್ನೆ ಹೊಸದಲ್ಲ. ತೀರ್ಪಿನ ನಂತರ ಶಿಕ್ಷೆಯ ಪ್ರಮಾಣದ ಬಗ್ಗೆ ಅಪರಾಧಿಯ ಮಾತನ್ನು ಬೇರೆಯಾಗಿ ಕೇಳಬೇಕೆಂಬ ನಿಯಮ ನಮ್ಮಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆಯ 235ನೇ ಕಲಮಿನಿಂದ ಬಂತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. 2011ರಲ್ಲಿ ಮುಂಬೈಯ ಎನ್‌ಕೌಂಟರ್ ಪ್ರಕರಣವೊಂದರ ಜಾಮೀನು ಪ್ರಶ್ನೆಯನ್ನು ಪರಿಶೀಲಿಸುತ್ತ ಸುಪ್ರೀಂ ಕೋರ್ಟ್, ಸಾಮಾನ್ಯರ ಅಪರಾಧಕ್ಕೆ ಸಾಮಾನ್ಯ ಶಿಕ್ಷೆ ಸಾಕು, ಪೊಲೀಸರ ಅಪರಾಧಕ್ಕೆ ಅದಕ್ಕಿಂತ ಕಠಿಣ ಶಿಕ್ಷೆ ಬೇಕು ಎಂಬ ನಿಲುವು ತಳೆಯಿತು. ನಕಲಿ ಎನ್‌ಕೌಂಟರ್ ಸಾಬೀತಾದರೆ ಮರಣದಂಡನೆಗೂ ಅದು ಅರ್ಹ ಎಂದಿತು.

ಉತ್ತರ ಪ್ರದೇಶದ ಪೀಲಿಭೀತ್ ಪ್ರಕರಣ ಇನ್ನೊಂದು ದಿಕ್ಕಿಗೆ ಹೋಯಿತು. 1991ರ ಜುಲೈನಲ್ಲಿ ಯಾತ್ರಿಕರ ಬಸ್ಸಿನಿಂದ ಇಳಿಸಿಕೊಂಡು ಹೋದ ಹತ್ತು ಮಂದಿ ಸಿಖ್ಖರನ್ನು ಪೊಲೀಸರು ಭಯೋತ್ಪಾದಕರೆಂದು ಕೊಂದಿದ್ದರು. 25 ವರ್ಷಗಳ ನಂತರ, 2016ರ ಏಪ್ರಿಲ್‌ನಲ್ಲಿ, 47 ಪೊಲೀಸರಿಗೆ ಜೀವಾವಧಿ ಶಿಕ್ಷೆಯಾಯಿತು. 2022ರ ಡಿಸೆಂಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಅದನ್ನು ಕೊಲೆಯಲ್ಲದ ನರಹತ್ಯೆಯೆಂದು ಬದಲಿಸಿ ಏಳು ವರ್ಷಕ್ಕೆ ಇಳಿಸಿತು. ಆಧಾರವಾಗಿದ್ದದ್ದು, ಸರಕಾರಿ ನೌಕರ ಸದ್ಭಾವದಿಂದ ತನ್ನ ಅಧಿಕಾರದ ಎಲ್ಲೆ ಮೀರಿ ಸಾವಿಗೆ ಕಾರಣನಾದರೆ ಅದು ಕೊಲೆಯಲ್ಲ ಎನ್ನುವ ಭಾರತೀಯ ದಂಡ ಸಂಹಿತೆಯ 300ನೇ ಕಲಮಿನ ಮೂರನೇ ವಿನಾಯಿತಿ. ಒಂದು ಕಡೆ ಸಮವಸ್ತ್ರ ನೇಣಿನ ಹತ್ತಿರಕ್ಕೆ ಒಯ್ಯಬಲ್ಲದಾದರೆ ಇನ್ನೊಂದು ಕಡೆ ಕೊಲೆಯ ಹೆಸರನ್ನೇ ಅಳಿಸಬಲ್ಲದು.

ಜೂನ್ 25

ಶೋವಿನ್ ಪ್ರಕರಣದಲ್ಲಿ ಈ ಪ್ರಶ್ನೆ ನೇರವಾಗಿಯೇ ನ್ಯಾಯಾಧೀಶರ ಮುಂದೆ ಬಂತು. ಕೋಷ್ಟಕ ಮೀರಿ ಶಿಕ್ಷೆ ಹೆಚ್ಚಿಸಬೇಕಾದರೆ ಅದಕ್ಕೆ ಬೇಕಾದ ಸಂಗತಿಗಳನ್ನು ಜ್ಯೂರಿಯೇ ತೀರ್ಮಾನಿಸಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತ್ತು. ಶೋವಿನ್ ಆ ಹಕ್ಕನ್ನು ಬಿಟ್ಟುಕೊಟ್ಟು ನ್ಯಾಯಾಧೀಶರೇ ನಿರ್ಧರಿಸಲಿ ಎಂದಿದ್ದ. ಮೇ ತಿಂಗಳಲ್ಲಿ ಕೇಹಿಲ್ ನಾಲ್ಕು ಸಂಗತಿಗಳು ಸಾಬೀತಾಗಿವೆ ಎಂದರು: ವಿಶ್ವಾಸ ಮತ್ತು ಅಧಿಕಾರದ ಸ್ಥಾನದ ದುರುಪಯೋಗ, ವಿಶೇಷ ಕ್ರೌರ್ಯ, ಮಕ್ಕಳ ಕಣ್ಣೆದುರಿಗೇ ನಡೆದ ಕೃತ್ಯ, ಇತರ ಮೂವರ ಸಹಭಾಗ.

ಜೂನ್ 25ರ ಶುಕ್ರವಾರ ನ್ಯಾಯಾಲಯದ ಕಲಾಪ ನೇರ ಪ್ರಸಾರವಾಯಿತು. ಫ್ಲಾಯ್ಡ್‌ನ ಏಳು ವರ್ಷದ ಮಗಳು ವಿಡಿಯೊ ಮೂಲಕ, ಅಪ್ಪನ ಜತೆ ಆಡಬೇಕೆನ್ನಿಸುತ್ತದೆ ಎಂದಳು. ಸೋದರರು ಗರಿಷ್ಠ ಶಿಕ್ಷೆ ಕೇಳಿದರು. ಶೋವಿನ್‌ನ ತಾಯಿ ಎದ್ದು ನಿಂತು ತನ್ನ ಮಗ ನಿರಪರಾಧಿ ಎಂದೇ ತಾನು ನಂಬಿರುವುದಾಗಿ ಹೇಳಿದರು. ಶೋವಿನ್ ಎರಡು ಮಾತಿನಲ್ಲಿ ಫ್ಲಾಯ್ಡ್ ಕುಟುಂಬಕ್ಕೆ ಸಂತಾಪ ಸೂಚಿಸಿದ. ಕೇಹಿಲ್ ದೀರ್ಘ ಭಾಷಣ ಮಾಡಲಿಲ್ಲ. ಭಾವಾವೇಶದಿಂದಾಗಲಿ ಜನಾಭಿಪ್ರಾಯಕ್ಕೆ ಮಣಿದಾಗಲಿ ಈ ಶಿಕ್ಷೆ ಕೊಡುತ್ತಿಲ್ಲ ಎಂದು ಹೇಳಿ ಸಂಖ್ಯೆಯನ್ನು ಓದಿದರು: 270 ತಿಂಗಳು. ಇಪ್ಪತ್ತೆರಡೂವರೆ ವರ್ಷ.

ಕಾರಣಗಳಿದ್ದದ್ದು ಜತೆಗೆ ಕೊಟ್ಟ 22 ಪುಟಗಳ ಬರಹದಲ್ಲಿ. ಕೋಷ್ಟಕದ ಹನ್ನೆರಡೂವರೆಯ ಮೇಲೆ ಹತ್ತು ವರ್ಷ ಸೇರಿಸಲು ನಾಲ್ಕರಲ್ಲಿ ಎರಡು ಸಂಗತಿಗಳನ್ನೇ ಅವರು ಮುಖ್ಯವಾಗಿ ಎತ್ತಿಕೊಂಡಿದ್ದರು: ಕ್ರೌರ್ಯ, ಮತ್ತು ಪೊಲೀಸನಾಗಿ ಪಡೆದ ವಿಶ್ವಾಸದ ದುರುಪಯೋಗ. ಪ್ರತಿವಾದಿಗಳು ರಿಯಾಯಿತಿಗೆಂದು ಮುಂದಿಟ್ಟಿದ್ದ ಸಮವಸ್ತ್ರವನ್ನು ಅವರು ಎತ್ತಿ ಎದುರಿನ ತಟ್ಟೆಗೆ ಹಾಕಿದ್ದರು.

ಹೊರಗಿದ್ದವರಲ್ಲಿ ಒಮ್ಮತ ಇರಲಿಲ್ಲ. ಪೊಲೀಸನಿಗೆ ಇಷ್ಟು ದೀರ್ಘ ಶಿಕ್ಷೆ ಐತಿಹಾಸಿಕ ಎಂದು ಕುಟುಂಬದ ವಕೀಲರು ಹೇಳಿದರೆ, ಒಂದು ಜೀವಕ್ಕೆ ಇಷ್ಟೇ ಏನು ಎಂದವರೂ ಇದ್ದರು. ಮಿನೆಸೋಟದ ನಿಯಮದಂತೆ ನಡತೆ ಸರಿಯಿದ್ದರೆ ಶಿಕ್ಷೆಯ ಮೂರನೇ ಎರಡು ಭಾಗ, ಅಂದರೆ ಸುಮಾರು 15 ವರ್ಷ, ಒಳಗೆ ಕಳೆದರೆ ಸಾಕು. 2022ರ ಜುಲೈನಲ್ಲಿ ನಾಗರಿಕ ಹಕ್ಕುಗಳ ಉಲ್ಲಂಘನೆಗಾಗಿ ಫೆಡರಲ್ ನ್ಯಾಯಾಲಯ 21 ವರ್ಷ ವಿಧಿಸಿತು. ಎರಡೂ ಶಿಕ್ಷೆಗಳು ಒಟ್ಟಿಗೇ ಸಾಗುತ್ತವೆ. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆತನ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಅದೇ ತಿಂಗಳು ಸೆರೆಮನೆಯಲ್ಲಿ ಸಹಕೈದಿಯೊಬ್ಬ ಆತನಿಗೆ ಇರಿದ, ಆತ ಬದುಕಿಕೊಂಡ. ವಕೀಲರು ಹೇಳಿದ್ದ ಅಪಾಯ ಸುಳ್ಳಾಗಿರಲಿಲ್ಲ.

ಅಂದಿನ ಆ ಸಂಖ್ಯೆ ಮುಂದಿನ ಪ್ರಕರಣಗಳಿಗೆ ನಿಯಮವಾಯಿತೇ ಎಂದರೆ ಇಲ್ಲ. ಶೋವಿನ್ ವಿಚಾರಣೆ ನಡೆಯುತ್ತಿದ್ದಾಗಲೇ, ಪಕ್ಕದ ಊರಿನಲ್ಲಿ ಕಿಮ್ ಪಾಟರ್ ಎಂಬ ಪೊಲೀಸ್ ಅಧಿಕಾರಿ ವಿದ್ಯುದಾಘಾತ ಕೊಡುವ ಟೇಸರ್ ಎಂದು ಭಾವಿಸಿ ಪಿಸ್ತೂಲು ಹಾರಿಸಿ ಡಾಂಟೆ ರೈಟ್ ಎಂಬ 20ರ ತರುಣನನ್ನು ಕೊಂದಿದ್ದಳು. ಅದು ಕೊಲೆಯಲ್ಲ, ನರಹತ್ಯೆ ಎಂದು ತೀರ್ಪಾಯಿತು. ಕೋಷ್ಟಕ ಏಳು ವರ್ಷಕ್ಕೂ ಸ್ವಲ್ಪ ಹೆಚ್ಚು ಹೇಳುತ್ತಿತ್ತು. 2022ರ ಫೆಬ್ರುವರಿಯಲ್ಲಿ ಅದೇ ಜಿಲ್ಲೆಯ ಇನ್ನೊಬ್ಬ ನ್ಯಾಯಾಧೀಶರು ಕೊಟ್ಟದ್ದು ಎರಡು ವರ್ಷ. ಕರ್ತವ್ಯದ ನಡುವೆ ಆದ ಪ್ರಮಾದ ಎಂಬುದು ಅವರು ಕಂಡ ವ್ಯತ್ಯಾಸ. ಅಲ್ಲಿ ಸಮವಸ್ತ್ರ ಮತ್ತೆ ಹಗುರದ ತಟ್ಟೆಗೆ ಮರಳಿತ್ತು.

ಇದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಬೇಕೆಂದೇ ಒಂಬತ್ತೂವರೆ ನಿಮಿಷ ಮೊಣಕಾಲು ಊರುವುದಕ್ಕೂ ಗಾಬರಿಯಲ್ಲಿ ತಪ್ಪು ಆಯುಧ ಎಳೆಯುವುದಕ್ಕೂ ಅಂತರವಿದೆ. ಆ ಅಂತರವನ್ನು ಅಳೆಯಲೆಂದೇ ತೀರ್ಪಿಗೂ ಶಿಕ್ಷೆಗೂ ನಡುವೆ ಕಾನೂನು ಒಂದಷ್ಟು ದಿನಗಳನ್ನು ಇಟ್ಟಿದೆ. ಆದರೆ ಹೊರಗೆ ಕಾಯುವವರು ಕಾಯುವುದು ಅಪರಾಧಿಯ ಹಣೆಬರಹ ತಿಳಿಯಲೆಂದು ಮಾತ್ರವಲ್ಲ. ತಮ್ಮ ಮನೆಯ ಹುಡುಗ ಇದೇ ತಪ್ಪು ಮಾಡಿದ್ದರೆ ಆಗುತ್ತಿದ್ದ ಶಿಕ್ಷೆ ಎಷ್ಟು, ಅದನ್ನೇ ಪೊಲೀಸ್ ಮಾಡಿದಾಗ ಆದದ್ದು ಎಷ್ಟು ಎಂದು ಅವರು ಮನಸ್ಸಿನಲ್ಲೇ ತಾಳೆ ನೋಡುತ್ತಿರುತ್ತಾರೆ. ಮಿನಿಯಾಪೊಲಿಸ್‌ನಲ್ಲಿ 66 ದಿನ ಕಾದವರಿಗೆ ಅಂದು ಒಂದು ಉತ್ತರ ಸಿಕ್ಕಿತು. ಮುಂದಿನ ಸಲ ಎಲ್ಲಿಯಾದರೂ ಪೊಲೀಸನೊಬ್ಬ ಕಟಕಟೆಯಲ್ಲಿ ನಿಂತಾಗ ಜನ ಮತ್ತೆ ಮೊದಲಿನಿಂದಲೇ ಕಾಯಬೇಕಾಗುತ್ತದೆ.